ಇನ್ನೂ ಕಡಿಯೂ ಸಬಕಾರ

ಇವತ್ತ ನಮ್ಮಕ್ಕನ ಮಗಳು ತಾನ ಮಾಡಿದ ಮೈ ತೊಳಿಯೂ ಸಬಕಾರ ತಂದು ಕೈಯಾಗ ಇಟ್ಲು. ನಾ ಮೂಸಿ ನೋಡೂದ ಬಿಟ್ಟು ನಾಲಿಗಿ ತುದಿಗೆ ಹಚ್ಚಿದೆ. "ಚಿಗವ್ವಾ, ಅದನ್ಯಾಕ ನೆಕ್ತಿ!" ಅಂತ ನಕ್ಳು.

ಹಿಂದಕ ಕಮತಗಿ ಮನಿಯಾಗ ನಮ್ಮವ್ವ ಹಿಂಗ ನೆಕ್ಕಿ ನೋಡ್ತಿದ್ಲು. ಆವಾಗ ಅಕ್ಕ ಹಡೆಯಾಕ ಬಂದಿದ್ಲು. ಆಕಿ ಕೂಸಿನ ಜೋಡಿ ವಾಪಸ್ ಹೋಗೂ ಮುಂದ ಬೀಗರಿಗೆ ಕೊಡಾಕಂತ ಅವ್ವ ಕುಸುಬಿ ಎಣ್ಣಿ, ಕಾಸ್ಟಿಕ್ ಸೋಡಾ ಕೂಡಿಸಿ ಸಬಕಾರ ಮಾಡಿದ್ಲು. ಸೀರಿ ನೇಯೂ ನೂಲಿಲೆ ಕೊಯ್ದು, ಗ್ವಾಡಿಯಾಗಿನ ಮಾಡದ ಗೂಡಿನಾಗ ಒಣಗಾಕ ಇಟ್ಟಿದ್ಲು. ಹಸಿ ಇದ್ರ ನಾಲಿಗಿಗೆ ಕಡಿದು ಚುರ್ ಅಂತಿತ್ತು. ಹಂತಾದನ್ನ ಬೀಗರಿಗೆ ಕೊಡೂಹಂಗಿಲ್ಲ.

ಅಕ್ಕನ ಗಂಡ ಕರಿಯಾಕ ಇಳಕಲ್ಲಿನಿಂದ ಬಂದಾಗೆಲ್ಲ ಅವ್ವ ಒಂದ ತುಂಡ ನಾಲಿಗಿಗೆ ಹಚ್ಚಿ, "ಇನ್ನೂ ಕಡೀತೈತ್ರಿ, ಮುಂದಿನ ವಾರ ಬರ್ರಿ" ಅಂತಿದ್ಲು. ಒಂದಿನ ನಾ ಕದ್ದು ನೆಕ್ಕಿದ್ರ ಚೂರೂ ಕಡೀಲಿಲ್ಲ!

ಮುಂದಿನ ಸಲ ಬಂದಾಗ ಆತನೂ ಒಂದ ತುಂಡ ನೆಕ್ಕಿದ. ತೊಟ್ಟಿಲ ನೋಡಿದ, ಅವ್ವನ ಮಾರಿ ನೋಡಿದ. "ಹೌದ್ರಿ ಅತ್ತಿ, ಭಾಳ ಕಡೀತೈತಿ" ಅಂದು, ಚಪ್ಪಲ ಮೆಟ್ಟಿ ಒಬ್ಬನ ಬಸ್ಸಿಗೆ ಹೋದ.

ಆ ತೊಟ್ಟಿಲದಾಗಿದ್ದಾಕಿನ ಇವತ್ತ ಸಬಕಾರ ತಂದಾಕಿ. "ಹೆಂಗೈತಿ ಲಗೂ ಹೇಳು, ಸಂಜಿ ಬಸ್ಸಿಗೆ ಹೊಂಟೇನಿ" ಅಂದ್ಲು.

"ಇನ್ನೂ ಕಡೀತೈತವಾ" ಅಂದೆ.