ಅಪ್ಪನ ಮಂಚದ ಸುಣ್ಣ

ಅಪ್ಪ ಹಾಸಿಗೆ ಹಿಡಿದಷ್ಟು ದಿನ ಈ ಮಂಚದ ಹತ್ತಿರ ಸುಳಿಯದವರೆಲ್ಲ, ಅವನು ಹೋದ ಮೇಲೆ ಮಂಚದ ಬಗ್ಗೆ ನನಗೆ ಬುದ್ಧಿ ಹೇಳಲು ಬಂದರು. ಅವನ ಮಗ್ಗುಲು ಬದಲಿಸಿದವನು ನಾನು. ಬೆನ್ನಿನ ಹುಣ್ಣು ತೊಳೆದವಳು ಅವ್ವ. ಆಗೇನು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಸ್ಸು ಇರಲಿಲ್ಲವೇ?

ತಿಥಿಯ ದಿನ ಊಟದ ಎಲೆ ಎತ್ತುವ ಮೊದಲೇ ಚನ್ನರಾಯಪಟ್ಟಣದ ಭಾವ, ಅಕ್ಕನ ಗಂಡ, ಶುರು ಮಾಡಿದರು.

“ಉಸಿರು ಓಗೋ ಮುಂಚೆ ನೆಲಕ್ಕೆ ಇಳಿಸ್ಬೇಕಾಗಿತ್ತು, ನೀನು ಇಳಿಸ್ಲಿಲ್ಲ. ಮಂಚದ ಮೇಲೇ ಜೀವ ಓಯ್ತು. ಇನ್ನು ಅದು ಮನೇಲಿರಬಾರ್ದು ಕಣಯ್ಯ, ಆಚೆಗಾಕು.”

“ಅವ್ವ ಎಲ್ಲಿ ಮಲಗ್ತಾಳೆ ಭಾವ?”

“ಪ್ಲೈವುಡ್ಡಿಂದು ತಗೋ, ನೋಡಕ್ಕೂ ಚೆಂದ. ಆ ಮಂಚ ಇರೋ ಮನೇಲಿ ನಿಮ್ಮಕ್ಕ ನೀರೂ ಕುಡಿಯಾಕಿಲ್ಲ, ಯೋಳ್ಬುಟ್ಟಿದ್ದೀನಿ.”

ಪ್ಲೈವುಡ್ಡಿನ ಪಾಠ ನನಗೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ, ನಿಜ. ಆದರೆ ಗೂಡ್ಸ್ ಆಟೋದಲ್ಲಿ ಹೊಳೆನರಸೀಪುರ, ಅರಕಲಗೂಡಿಗೆಲ್ಲ ಆ ಮಂಚಗಳನ್ನು ಸಾಗಿಸುವವನು ನಾನೇ. ಒಂದು ಹಂಪ್ ಹಾರಿದರೆ ಅಂಚು ಬಿಡುತ್ತವೆ, ನಾಲ್ಕು ಹನಿ ಬಿದ್ದರೆ ಹಪ್ಪಳದಂತೆ ಉಬ್ಬುತ್ತವೆ. ಅಪ್ಪನದು ಹೊನ್ನೆ ಮರದ ಮಂಚ. ಮಂಡಿ ಊದಿದ ಅವ್ವ ನೆಲದಿಂದ ಏಳಲಾರಳು. ಅವಳು ಕೇಳಿದ್ದೂ ಇಷ್ಟೇ: “ನಂಗೆ ಆ ಮಂಚನೇ ಇರ್ಲಿ ಮಗ.”

ಭಾನುವಾರ ಮಂಚವನ್ನು ಅಂಗಳಕ್ಕೆ ತಂದೆ. ಬಾಗಿಲಿಗೆ ಹೊಡೆದು ಮಿಕ್ಕ ಬಣ್ಣವನ್ನು ಮಂಚಕ್ಕೆ ಬಳಿಯುವುದು ನಮ್ಮ ಮನೆಯ ರೂಢಿ. ಮೇಲೆ ಹಸಿರು, ಅದರಡಿ ನೀಲಿ, ಅದರಡಿ ಕಂದು. ಗಾಜಿನ ಚೂರಿನಿಂದ ಕೆರೆದೆ, ಉಪ್ಪುಕಾಗದ ಹಿಡಿದು ಉಜ್ಜಿದೆ.

“ಏನಣ್ಣ, ಸತ್ತೋರ ಮಂಚಕ್ಕೆ ಮದ್ವೆ ಸಿಂಗಾರವಾ?” ಎಂದ ಎದುರುಮನೆಯವನು.

ಮೈಯೆಲ್ಲ ಉರಿಯಿತು. ಆ ಉರಿಯನ್ನೂ ಹಾಕಿ ಉಜ್ಜಿದೆ. ಜೇನಿನ ಬಣ್ಣದ ಮರ ಮೇಲೆ ಬಂತು.

ತಲೆದೆಸೆಯ ಕಾಲಿಗೆ ಗಾಜು ಇಟ್ಟಾಗ ಅವ್ವ ಬಾಗಿಲಿನಿಂದ ಕೂಗಿದಳು: “ಅದ್ನ ಮುಟ್ಬೇಡ ಕಣ್ಲಾ.”

ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಬೆರಳಲ್ಲಿ ಮಿಕ್ಕಿದ್ದನ್ನು ಆ ಕಾಲಿಗೇ ಒರೆಸುತ್ತಿದ್ದ. ಅಂಗೈಯಗಲ ಬಿಳಿ ಗಟ್ಟಿಕಟ್ಟಿ ಕೂತಿತ್ತು. ಅದಕ್ಕಾಗಿ ಅವನನ್ನು ದಿನವೂ ಬೈಯುತ್ತಿದ್ದವಳೇ ಅವ್ವ. ಅದೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ವಾರ್ನಿಷ್ ಹೊಡೆದೆ.

ಹಬ್ಬಕ್ಕೆ ಅಕ್ಕ, ಭಾವ ಬಂದರು. ಭಾವ ನೇರ ಬಂದು ಮಂಚದ ಮೇಲೆ ಅವ್ವನ ಪಕ್ಕ ಕೂತು, ಅದನ್ನು ಸವರಿದರು.

“ನನ್ ಮಾತು ಕೇಳಿ ಒಸ ಮಂಚ ತಂದ್ಯಲ್ಲ, ಒಳ್ಳೇದಾಯ್ತು. ಎಲ್ ತಗೊಂಡೆ? ಪಸಂದಾಗದೆ.” ಬೆರಳು ಕಾಲಿನವರೆಗೂ ಹೋಯಿತು. “ಇದೇನಿದು, ಬೆಳ್ಳಗೆ ಮೆತ್ಕಂಡದೆ?” ಎಂದು ಉಗುರಿನಿಂದ ಕೆರೆಯತೊಡಗಿದರು.

“ಕೈ ತೆಗೀರಿ ಭಾವ. ನಿಮ್ಮ ಮಾವ ಒರೆಸಿದ ಸುಣ್ಣ ಅದು.”

ಕೆಂಡದ ಮೇಲೆ ಕೂತಿದ್ದವರಂತೆ ಎದ್ದರು. ಹೊರಗೆ ಹೋಗಿ ಬೈಕಿನ ಮೇಲೆ ಕೂತರು. ಹಿಂದೆ ಹೋಗಿ ಕರೆಯುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ, ಈಗಲೂ ಇಲ್ಲ.

ಅಕ್ಕ ಆ ಬಿಳಿಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಗಂಡ ಎದ್ದ ಜಾಗದಲ್ಲೇ ಕೂತಳು. ನನ್ನ ಹೆಂಡತಿ ಕಾಫಿ ತಂದಿಟ್ಟಳು.

ಅಕ್ಕ ಒಂದು ಗುಟುಕು ಕುಡಿದು ನನ್ನ ಕಡೆ ನೋಡಿದಳು. “ಸಕ್ಕರೆ ಕಮ್ಮಿ ಆಯ್ತು ಕಣ್ಲಾ.”