ಅಡ್ವಾನ್ಸಿಗಾಗಿ ರೊಟ್ಟಿ ಬಡಿದದ್ದು

ಕೊಚ್ಚಿಯ ನಮ್ಮ ಮನೆ ಮಾಲೀಕರು ಕೆಟ್ಟವರೇನಲ್ಲ. ನಾವು ಮಹಡಿಯಲ್ಲಿದ್ದೆವು, ಅವರು ಹೆಂಡತಿಯೊಂದಿಗೆ ಕೆಳಗಿದ್ದರು. ಹಡಗಿನಲ್ಲಿ ಬಂದ ಸರಕು ಒಡೆದಿದ್ದರೆ ತಪ್ಪು ಯಾರದೆಂದು ಪತ್ತೆಹಚ್ಚುವ ಸರ್ವೇಯರ್ ಆಗಿ ನಿವೃತ್ತರಾಗಿದ್ದರು. ಆ ಅಭ್ಯಾಸ ಮಾತ್ರ ನಿವೃತ್ತವಾಗಿರಲಿಲ್ಲ.

ನಮ್ಮ ಯಜಮಾನರಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕಚೇರಿಯಿಂದ ತಿರುವನಂತಪುರಕ್ಕೆ ವರ್ಗವಾಯಿತು. ಕಳಕ್ಕೂಟಂನಲ್ಲಿ ಫ್ಲ್ಯಾಟ್ ಹಿಡಿದು, ಅದರ ಅಡ್ವಾನ್ಸಿಗೆ ಮೈದುನನ ಹತ್ತಿರ ಸಾಲ ಮಾಡಿದೆವು. ಕೊಚ್ಚಿಯ ಮನೆಯ ಅಡ್ವಾನ್ಸ್ ವಾಪಸ್ ಬಂದರೆ ಸಾಲ ತೀರಿಸುವ ಯೋಚನೆ. ಅದು ಬರಲೇ ಇಲ್ಲ. ಕೊನೆಗೆ ನಾನೇ ಫೋನ್ ಮಾಡಿದೆ.

"ಅಡುಗೆಕಟ್ಟೆಯ ಗ್ರಾನೈಟ್ ಬಿರುಕು ಬಿಟ್ಟಿದೆ, ಮೋಳೆ," ಎಂದರು ಮಾಲೀಕರು. ಅವರು ಮೊದಲಿನಿಂದಲೂ ನನ್ನನ್ನು ಕರೆಯುತ್ತಿದ್ದದ್ದು ಹಾಗೆಯೇ, ಮಗಳೇ ಎಂದು. "ದಿನಾ ಬೆಳಿಗ್ಗೆ ನಮ್ಮ ತಲೆ ಮೇಲೆ ಡಬ್ ಡಬ್ ಡಬ್. ನಿಮ್ಮ ರೊಟ್ಟಿಯೇ ಕಾರಣ."

ನಾನು ವಿಜಯಪುರದ ಕಡೆಯವಳು. ಜೋಳದ ರೊಟ್ಟಿಯ ಮೇಲೆ ಆರೋಪ ಬಂದರೆ ಸುಮ್ಮನಿರುವುದು ಹೇಗೆ? "ಅಂಕಲ್, ರೊಟ್ಟಿ ಬಡಿದು ಕಲ್ಲು ಒಡೆಯುವುದಾದರೆ ನಮ್ಮ ಜಿಲ್ಲೆಯಲ್ಲಿ ಒಂದು ಕಲ್ಲೂ ಉಳಿಯುತ್ತಿರಲಿಲ್ಲ," ಎಂದೆ.

"ಹಾಗಾದರೆ ಬಂದು ಬಡಿದು ತೋರಿಸಿ," ಎಂದರು. ತಮಾಷೆಗಲ್ಲ.

ಭಾನುವಾರ ಹಿಟ್ಟಿನ ಡಬ್ಬಿ ಹಿಡಿದು ಇಬ್ಬರೂ ರೈಲು ಹತ್ತಿದೆವು. "ಮಂದಿ ಕೇಳಿದ್ರ ಏನಂತಾರ?" ಎಂದು ಯಜಮಾನರು ದಾರಿಯುದ್ದಕ್ಕೂ ಗೊಣಗಿದರು.

ಖಾಲಿ ಅಡುಗೆಮನೆಯಲ್ಲಿ ಸಾಕ್ಷಿಗೆಂದು ರೆಸಿಡೆಂಟ್ಸ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಾಲೀಕರು ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಬಿರುಕು ಗೆರೆ ದಾಟಿದರೆ ತಪ್ಪು ನಮ್ಮದು. ಹಿಟ್ಟು ದಂಡವಾಗಬಾರದೆಂದು ಕೆಳಗಿನ ಮನೆಯ ಆಂಟಿ ತಮ್ಮ ಒಲೆ, ದೋಸೆಹಂಚುಗಳನ್ನು ಮಹಡಿಗೆ ತರಿಸಿದ್ದರು.

ಕುದಿವ ನೀರು ಹಾಕಿ ಹಿಟ್ಟು ನಾದಿದೆ. ಸೆರಗು ಸಿಕ್ಕಿಸಿ ಬಡಿಯತೊಡಗಿದೆ. ಮಾಲೀಕರು ಟಾರ್ಚಿನ ಬೆಳಕು ಬಿಟ್ಟು ಬಗ್ಗಿ ನೋಡುತ್ತಿದ್ದರು, ಅವರ ಮೀಸೆಗೆಲ್ಲ ಹಿಟ್ಟು. ಬಿರುಕು ಕದಲಲಿಲ್ಲ. ಕಾರ್ಯದರ್ಶಿ ಬಿಸಿ ರೊಟ್ಟಿಗೆ ಮೀನಿನ ಸಾರು ಸಿಗಬಹುದೇ ಎಂದು ಆಂಟಿಯನ್ನು ಕೇಳಿದರು. ಸಿಕ್ಕಿತು.

ಮಾಲೀಕರು ನೆಟ್ಟಗಾಗಿ, "ಇದು ಆ ಸದ್ದಲ್ಲ," ಎಂದರು. "ಗಂಡನ ಜೊತೆ ಜಗಳವಾದ ದಿನ ನೀವು ಬಡಿಯುತ್ತಿದ್ದ ರೀತಿಯೇ ಬೇರೆ. ಹಾಗೆ ಬಡಿಯಬೇಕು."

ಕೆಳಗೆ ಅದೆಲ್ಲ ಕೇಳುತ್ತಿತ್ತೆಂದು ನನಗೆ ತಿಳಿದದ್ದು ಆಗಲೇ. ನಾಚಿಕೆಯಿಂದ ಮುಖ ಕಾದ ಹಂಚಾಯಿತು. ಯಜಮಾನರು ಮಾತ್ರ ರೈಲಿಗೆ ಹೊತ್ತಾಗುತ್ತದೆಂದು, "ಅವರು ಹೇಳಿದಂಗ ಮಾಡಿ ಮುಗಿಸು. ಸುಮ್ಮನ ಜಗಳ ಮಾಡಿದಂಗ ಮಾಡೋಣು," ಎಂದರು.

"ಜಗಳ ನೀವ ಸುರು ಮಾಡ್ರಿ. ಯಾವಾಗಲೂ ನೀವ ಅಲ್ಲೇನು ಮಾಡೋರು?"

"ನಾನ? ಮನಿ ಬಿಡೋ ಮುಂದ ಅಡಗಿ ಕಟ್ಟಿ ನೋಡಿ ಸರಿ ಅದ ಅಂತ ಅವರ ಕಡೆ ಬರೆಸಿಕೋ ಅಂದಿದ್ದೆ. ಬರೆಸಿಕೊಂಡ್ಯಾ?"

"ನೀವು ಆಫೀಸಿನ ಬೀಳ್ಕೊಡುಗೆ ಊಟಕ್ಕ ಹೋಗಿದ್ರಿ! ಸಾಮಾನೆಲ್ಲಾ ನಾ ಒಬ್ಬಾಕೀನ ಕಟ್ಟೀನಿ!"

ಅಭಿನಯ ಎಲ್ಲಿ ಮುಗಿಯಿತೋ ಗೊತ್ತಾಗಲಿಲ್ಲ. ಅವರ ತಮ್ಮ ಬಂದ, ನನ್ನ ತವರು ಬಂತು, ಯಾವುದೋ ಕಾಲದ ಮದುವೆ ಬಂತು. ಒಂದೊಂದು ಮಾತಿಗೂ ನನ್ನ ಅಂಗೈ ಕಲ್ಲಿನ ಮೇಲೆ ಬೀಳುತ್ತಿತ್ತು. ಕನ್ನಡದ ಒಂದಕ್ಷರವೂ ತಿಳಿಯದ ಕಾರ್ಯದರ್ಶಿ ಉಣ್ಣುವುದನ್ನು ನಿಲ್ಲಿಸಿದರು. "ಹಾಂ, ಇದೇ ಸದ್ದು!" ಎಂದು ಮಾಲೀಕರು ಖುಷಿಯಿಂದ ಟಾರ್ಚಿನ ಬೆಳಕು ಬಿಟ್ಟರು. ಬಿರುಕು ಗೆರೆಯ ಆಚೆಗೆ ಕೂದಲೆಳೆಯಷ್ಟೂ ಹೋಗಿರಲಿಲ್ಲ. ನನ್ನ ಕಣ್ಣಲ್ಲಿ ಮಾತ್ರ ನೀರು ಬಂದಿತ್ತು.

ಆಂಟಿ ಒಲೆ ಆರಿಸಿ ಗಂಡನ ಕೈಯಿಂದ ಟಾರ್ಚ್ ಕಿತ್ತುಕೊಂಡರು. "ಕಲ್ಲು ಒಡೆದರೆ ಒಡೆಯಲಿ. ಅದಕ್ಕಾಗಿ ಇನ್ನೊಬ್ಬರ ಸಂಸಾರ ಒಡೆಯಬೇಡಿ," ಎಂದು ಮಲಯಾಳದಲ್ಲಿ ಗದರಿಸಿ ಕೆಳಗಿಳಿದು ಹೋದರು. ಬರುವಾಗ ಕೈಯಲ್ಲಿ ನಮ್ಮ ಅಡ್ವಾನ್ಸಿನ ಹಣವಿತ್ತು. ಮಾಲೀಕರು ಮೀಸೆಯ ಹಿಟ್ಟನ್ನೂ ಒರೆಸಿಕೊಳ್ಳದೆ ಮತ್ತೆ ಬಿರುಕಿನ ಮೇಲೆ ಬಗ್ಗಿದರು. ಕಾರಣ ಸಿಗದ ಕೇಸು ಅವರನ್ನು ನಿಜವಾಗಿಯೂ ನೋಯಿಸಿತ್ತೆಂದು ಕಾಣುತ್ತದೆ.

ದುಡ್ಡು ಬಂದರೂ ವಾಪಸ್ ಬರುವಾಗ ರೈಲಿನಲ್ಲಿ ನಾವು ಮಾತಾಡಲಿಲ್ಲ. ಜಗಳ ನಿಜದ್ದೇ ಆಗಿಬಿಟ್ಟಿತ್ತು. ಕೊಲ್ಲಂ ದಾಟಿದ ಮೇಲೆ ಯಜಮಾನರು ಚಹಾದ ಲೋಟ ನನ್ನತ್ತ ಚಾಚಿ, ಕಿಟಕಿಯ ಕಡೆ ನೋಡುತ್ತಲೇ, "ಕೈ ಭಾಳ ನೋಯ್ತದೇನು?" ಎಂದರು.

ನೋಯುತ್ತಿತ್ತು. ಇಲ್ಲ ಎಂದೆ.