ಬಾಣಂತಿಗೆ ತಣ್ಣೀರು ಬೇಡ

ಕತ್ತಾಳೆಯ ಮರಿ ಬಿಡಿಸುವ ಮೊದಲು ನೀಲಕ್ಕ ಬಳೆ ಬಿಚ್ಚಿಡುತ್ತಿದ್ದಳು. ಮೊಳಕೈವರೆಗೂ ಸೋಪು ಹಚ್ಚಿ ಕೈ ತೊಳೆದು, ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆಯೇ ಕುಂಡದ ಮುಂದೆ ಕೂರುವುದು. ಧಾರವಾಡದ ಕಡೆ ಹೆರಿಗೆ ಮಾಡಿಸಿ ಮಾಡಿಸಿ ನಿವೃತ್ತಳಾದ ನರ್ಸು. ಮರಾಠಿ ಸೀಮೆಯ ಕೋಥರೂಡಿನ ನಮ್ಮ ವಸತಿ ಸೊಸೈಟಿಗೆ, ಮಗಳ ಮನೆಗೆಂದು ಬಂದವಳಿಗೆ ಇಲ್ಲಿ ಬಸುರಿಯರು ಸಿಗಲಿಲ್ಲ. ಸಿಕ್ಕವರೆಲ್ಲ ನನ್ನಂಥ ಮಂಡಿನೋವಿನವರು. ಹಾಗಾಗಿ ಗಿಡಗಳಿಗೆ ಕೈ ಹಾಕಿದಳು.

ಬುಡದ ಮಣ್ಣು ಸರಿಸಿ, ತಾಯಿಗೂ ಮರಿಗೂ ನಡುವಿನ ದಪ್ಪ ಬೇರು ತೋರಿಸುವಳು. "ಇದು ಹೊಕ್ಕಳಬಳ್ಳಿ. ಎಳದು ಕೀಳಬಾರದು, ಕೊಯ್ಯಬೇಕು." ಕೊಯ್ದ ಮರಿಯನ್ನು ನೆರಳಲ್ಲಿ ಮಲಗಿಸಿದರೆ, ಗಾಯ ಒಣಗಿ ಗಟ್ಟಿಯಾಗುವ ತನಕ ಅದಕ್ಕೆ ಮಣ್ಣೂ ಇಲ್ಲ, ನೀರೂ ಇಲ್ಲ. ನನಗೆ ಕೊಟ್ಟ ಮೊದಲ ಮರಿಗೆ ನಾನು ಪ್ರೀತಿ ಉಕ್ಕಿ ಒಂದು ತಂಬಿಗೆ ನೀರು ಸುರಿದೆ. ಅದು ಕೊಳೆತ ಬಾಳೆಹಣ್ಣಾಯಿತು.

"ಏ ಹುಚ್ಚಿ, ಹಸಿ ಬಾಣಂತಿಗೆ ತಣ್ಣೀರ ಕುಡಸ್ತಾರೇನು?"

"ಮರಿ ಅಂದ್ರ ಕೂಸಲ್ಲೇನಕ್ಕಾ? ಬಾಣಂತಿ ಹೆಂಗಾತು?"

"ಗಾಯ ಯಾರಿಗಾಗೇದ? ಅಕೀನ ಬಾಣಂತಿ. ನಿನ್ನ ಬಾಣಂತನ ಯಾರ ಮಾಡಿದ್ರು?"

"ನಮ್ಮತ್ತಿ."

"ಅದಕ್ಕ ಹಿಂಗಾಗೀ ನೋಡು."

ನಮ್ಮತ್ತೆ ಇರಬೇಕಿತ್ತು. ಅವರಿಬ್ಬರಿಗೆ ಜಗಳ, ನನಗೆ ಮಜಾ.

ಗೇಟಿನ ಪಕ್ಕದ ದೊಡ್ಡ ಕತ್ತಾಳೆ ಮಾತ್ರ ಅವಳ ತವರಿನದು, ಅವ್ವನ ಹೊಲದ ಬದುವಿನಿಂದ ತಂದದ್ದು. ಆ ಬದುವಿನ ಮೇಲೆ ಈಗ ಡಾಂಬರು ರಸ್ತೆ. ಇಲ್ಲಿಯೂ ಗಿಡದ ಸುತ್ತ ಸಿಮೆಂಟು ಬಳಿದಿದ್ದರಿಂದ ಮರಿಗಳಿಗೆ ಮೇಲೆ ಬರಲು ದಾರಿಯೇ ಇರಲಿಲ್ಲ. ಹಾಗಿರುವಾಗ ಒಂದು ವರ್ಷ ಅದು ಕಂಬದಂಥ ಹೂದಂಡು ಎತ್ತಿತು. ಕತ್ತಾಳೆ ಹೂ ಬಿಡುವುದು ಒಂದೇ ಸಲ, ಆಮೇಲೆ ಸಾಯುತ್ತದೆ. ನಮ್ಮ ಸೆಕ್ರೆಟರಿ ಸಾಠೆ, ದಂಡು ಯಾರದಾದರೂ ಕಾರಿನ ಮೇಲೆ ಬಿದ್ದೀತೆಂದು ಗರಗಸದವನನ್ನು ಕರೆಸಿದ.

ನೀಲಕ್ಕ ಅಡ್ಡ ನಿಂತಳು. "ಹಾತ್ ಲಾವೂ ನಕಾ! ತಿಲಾ ದಿವಸ್ ಗೇಲೇತ್!" ಮುಟ್ಟಬೇಡಿ, ಅವಳು ಬಸುರಿ ಅಂತ.

ಸಾಠೆ ಗಾಬರಿಯಾದ. "ಕೋಣಾಲಾ?" ಯಾರು ಎಂದು ಕೇಳುತ್ತ ಸುತ್ತ ನೋಡಿದ. ಅಲ್ಲಿದ್ದ ಇನ್ನೊಬ್ಬ ಹೆಂಗಸು ನಾನೊಬ್ಬಳೇ. ಸೆರಗು ಹೊಟ್ಟೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದೆ. ಗರಗಸದವನು ನಕ್ಕು ನಕ್ಕು ಅಲ್ಲೇ ಕೂತುಬಿಟ್ಟ.

ನೀಲಕ್ಕ ನಗಲಿಲ್ಲ. "ಇದೊಂದು ಹೋದ್ರ ನಮ್ಮವ್ವನ ಹೊಲ ಪೂರಾ ಹೋದಂಗ," ಎಂದು ನನಗಷ್ಟೇ ಕೇಳುವಂತೆ ಹೇಳಿ, ತನ್ನ ಹಳೇ ಇಳಕಲ್ ಸೀರೆಯಿಂದ ದಂಡನ್ನು ಮಾವಿನ ಮರಕ್ಕೆ ಬಿಗಿದಳು. "ಹೂ ಉದರಲಿ. ಆಮ್ಯಾಗ ನೋಡ್ರಿ."

ಹೂ ಉದುರಿದವು. ಉದುರಿದ ಜಾಗದಲ್ಲೆಲ್ಲ ಎಲೆ ಸಮೇತ ಪುಟ್ಟ ಪುಟ್ಟ ಗಿಡಗಳು, ಆಕಾಶದಲ್ಲೇ ಹುಟ್ಟಿದವು! ದಂಡಿನ ಕೆಳಗೆ ಆ ಸೀರೆ ಹರಡಿ ಹಿಡಿಯಲು ಬಂದವರಲ್ಲಿ ಸಾಠೆಯೇ ಮೊದಲಿಗ. ನೀಲಕ್ಕ ದಂಡು ಅಲ್ಲಾಡಿಸಿ ಎಲ್ಲವನ್ನೂ ಸೀರೆಯಲ್ಲಿ ಹಿಡಿದು, ಮನೆಗೊಂದರಂತೆ ಹಂಚಿದಳು, ಹಂಚುವಾಗ ಮನೆಮನೆಗೂ ತಣ್ಣೀರಿನ ಪಾಠ ಬೇರೆ.

ಹೋದ ಬೇಸಿಗೆಯಲ್ಲಿ ಊಟ ಮಾಡಿ ಅಡ್ಡಾದವಳು ಏಳಲಿಲ್ಲ.

ಅವಳು ಹಂಚಿದವು ಈಗ ಮರಿ ಹಾಕಿವೆ. ನಿನ್ನೆ ನಾನೂ ಬಳೆ ಬಿಚ್ಚಿಟ್ಟು ಒಂದು ಮರಿ ಕೊಯ್ದು ನೆರಳಲ್ಲಿಟ್ಟೆ. ಆಮೇಲೆ ತುಳಸಿಗೆಂದು ತಂಬಿಗೆ ಹಿಡಿದು ಆ ಕಡೆ ಹೊರಟಿದ್ದೇ ತಡ, ಪಾರ್ಕಿಂಗಿನಿಂದ ಸಾಠೆ ನೀರು ಬೇಡವೆಂದು ಕೂಗುತ್ತ ಓಡೋಡಿ ಬಂದ.

"ಆಜೀ, ಪಾಣೀ ನಕೋ! ಬಾಣಂತಿ! ಬಾಣಂತಿ!"

ಮರಾಠಿಯ ಬಾಳಂತೀಣ್ ಅಲ್ಲ. ನೀಲಕ್ಕನದೇ, ಧಾರವಾಡದ ಬಾಣಂತಿ.